ರವೆ ಸೂಪಿನ ಜಾಹೀರಾತು

"ಇವತ್ತು ನಿಮಗೆ ಮಕ್ಕಳೆಷ್ಟು?"

ರೆನ್ಸೊ ನನ್ನನ್ನು ಕೇಳಿದ ಮೊದಲ ಮಾತು ಇದು. ಲೀಮಾದ ಜೂನ್ ತಿಂಗಳ ಜಿಟಿಜಿಟಿ ಹನಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಕೈಯಲ್ಲಿ ಜಾಹೀರಾತು ಕಂಪನಿಯವರು ಕೊಟ್ಟ ಉಡುಗೊರೆಯ ಚೀಲ, ಅದರೊಳಗೆ ಬಟ್ಟೆ ಒಗೆಯುವ ಪುಡಿಯ ಪೊಟ್ಟಣ. ತಿರುಗಿ ನೋಡಿದರೆ ಮೂವತ್ತೈದರ ಆಸುಪಾಸಿನ ಗಂಡಸು. ಕನ್ನಡಕದ ಮೇಲೆಲ್ಲ ಹನಿ, ತುಟಿಯಂಚಿನಲ್ಲಿ ತಡೆದಿಟ್ಟುಕೊಂಡ ನಗು.

ನಿಮಗೇನಾಗಬೇಕು ಎಂದು ಸಿಡುಕಿದೆ. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನವಾಗಿ ಒರೆಸಿಕೊಂಡ.

"ಈಗ ಒಳಗೆ ಎರಡು ಗಂಡುಮಕ್ಕಳ ತಾಯಿ ಮಾರ್ತಾ ಆಗಿದ್ರಿ. ಏಪ್ರಿಲ್‌ನಲ್ಲಿ ಶಾಂಪೂ ಜಾಹೀರಾತು ನೋಡೋಕೆ ಬಂದಾಗ ಮೂರು ಹೆಣ್ಣುಮಕ್ಕಳ ವಿಧವೆ. ಆ ವಿಧವೆ ಅತ್ತಾಗ ಕನ್ನಡಿ ಹಿಂದೆ ಕೂತು ನಾನೂ ಅತ್ತಿದ್ದೆ. ಅದಕ್ಕೇ ಕೇಳಿದ್ದು."

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಆ ಮನುಷ್ಯ ಯಾರಿಗೂ ಹೇಳಲಿಲ್ಲ. ನನ್ನ ಬಸ್ಸು ಬರುವವರೆಗೆ ಪಕ್ಕದಲ್ಲೇ ನಿಂತು, ಆ ವಿಧವೆಯ ಕೊನೆಯ ಮಗಳ ಜ್ವರ ಇಳಿಯಿತೇ ಎಂದು ಗಂಭೀರವಾಗಿ ವಿಚಾರಿಸಿಕೊಂಡ.

ನಮ್ಮ ಕೆಲಸ ಅಂಥದ್ದು. ಜಾಹೀರಾತು ಟಿವಿಗೆ ಹೋಗುವ ಮುಂಚೆ ಎಂಟು ಹೆಂಗಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ಕಾಫಿ ಬಿಸ್ಕತ್ತು ಕೊಟ್ಟು ತೋರಿಸುತ್ತಾರೆ. ಏನನ್ನಿಸಿತು, ನಂಬಿಕೆ ಬಂತೇ, ಅಂಗಡಿಯಲ್ಲಿ ಕಂಡರೆ ಕೊಳ್ಳುತ್ತೀರಾ ಎಂದು ಕೇಳುತ್ತಾರೆ. ಗೋಡೆಯ ತುಂಬ ಒಂದು ಕನ್ನಡಿ. ಅದರಲ್ಲಿ ನಮಗೆ ಕಾಣುವುದು ನಮ್ಮದೇ ಮುಖ. ಆಚೆ ಬದಿಯಲ್ಲಿ ಜಾಹೀರಾತು ಬರೆದವರು, ಸಾಮಾನು ಮಾರುವವರು ಕೂತು ನಮ್ಮನ್ನು ನೋಡುತ್ತಿರುತ್ತಾರೆ. ಒಮ್ಮೆ ಬಂದವಳು ಆರು ತಿಂಗಳು ಮತ್ತೆ ಬರಬಾರದು ಎಂಬುದು ನಿಯಮ. ಆದರೆ ಹೆಂಗಸರನ್ನು ಒದಗಿಸುವ ದೋನ್ಯಾ ಎದೆಲ್ಮೀರಾ ವಾರವಾರ ಎಂಟು ಹೊಸ ಮುಖಗಳನ್ನು ಎಲ್ಲಿಂದ ತರಬೇಕು? ಲೀಮಾದ ಅಂಚಿನ ಕೋಮಸ್‌ನ ಗುಡ್ಡದ ಮೇಲಿನ ನಮ್ಮ ಬೀದಿಯ ಅದದೇ ಹನ್ನೆರಡು ಹೆಂಗಸರನ್ನು, ಹೆಸರು ಬದಲಿಸಿ, ಜಡೆ ಬದಲಿಸಿ, ಗಂಡಂದಿರನ್ನು ಬದಲಿಸಿ ಕಳಿಸುತ್ತಿದ್ದಳು. ಬಸ್ಸಿನಲ್ಲೇ ನಮಗೆ ಪಾಠ. ನಿನ್ನ ಗಂಡ ಎಲೆಕ್ಟ್ರಿಷಿಯನ್, ಗುರುತಿನ ಚೀಟಿ ಕೇಳಿದರೆ ಮನೆಯಲ್ಲಿ ಮರೆತೆ ಅನ್ನು, ಅಳು ಬಂದರೆ ಅಳು, ಅಳುವವಳನ್ನು ಯಾರೂ ಅನುಮಾನಿಸುವುದಿಲ್ಲ.

ನನಗೆ ಗಂಡನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಹೆಸರು ನಿಲ್ಡಾ. ಆಗ ಮೂವತ್ತೊಂದು ವರ್ಷ. ಅಮ್ಮನ ಜೊತೆ ಇದ್ದು ಶಾಲೆಯ ಯೂನಿಫಾರ್ಮ್ ಹೊಲಿಯುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಸುಳ್ಳಿನ ಕೆಲಸ ನನಗೆ ಇಷ್ಟವಿತ್ತು. ನಿಮಗೆ ಏನನ್ನಿಸುತ್ತದೆ ಎಂದು ನನ್ನನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ.

ರೆನ್ಸೊ ಜಾಹೀರಾತು ಬರೆಯುವವನು. ಅದಾದ ಮೇಲೆ ಬುಧವಾರ ಸಂಜೆಗಳು ನಮ್ಮವಾದವು. ಪಾರ್ಕಿನ ಮೂಲೆಯಲ್ಲಿ ಒಬ್ಬಾಕೆ ಗಾಡಿ ಇಟ್ಟುಕೊಂಡು ಪಿಕಾರೋನ್ ಕರಿಯುತ್ತಿದ್ದಳು. ಕುಂಬಳಕಾಯಿ ಹಿಟ್ಟಿನ ಬಳೆಗಳು, ಮೇಲೆ ಬೆಲ್ಲದ ಪಾಕ. ಅಲ್ಲಿ ನಮ್ಮದೊಂದು ಆಟ. ಇವತ್ತು ಯಾರಾಗಿ ಬಂದಿದ್ದೀಯ ಎಂದು ಅವನು ಕೇಳುತ್ತಿದ್ದ, ನಾನು ಒಂದು ಜೀವನ ಕಟ್ಟಿ ಹೇಳುತ್ತಿದ್ದೆ. ಒಂದು ಬುಧವಾರ ನಾವಿಕನ ಹೆಂಡತಿ. ಇನ್ನೊಂದು ಬುಧವಾರ ಮಠದಿಂದ ಓಡಿಬಂದ ಸನ್ಯಾಸಿನಿ. ಅವನು ಪಾಕ ಹತ್ತಿದ ಬೆರಳನ್ನು ನೆಕ್ಕುವುದನ್ನೂ ಮರೆತು ಕೇಳುತ್ತಿದ್ದ. ಸುಳ್ಳು ಎಲ್ಲಿ ಶುರುವಾಯಿತು ಎಂದು ಹುಡುಕುವಾಗ ಅವನ ಎಡಗಣ್ಣು ಸ್ವಲ್ಪ ಕಿರಿದಾಗುತ್ತಿತ್ತು. ಆ ಕಣ್ಣಿಗೋಸ್ಕರವೇ ನಾನು ವಾರವಿಡೀ ಹೊಲಿಗೆ ಮೆಷಿನ್ ತುಳಿಯುತ್ತಾ ಕಥೆ ಹೆಣೆಯುತ್ತಿದ್ದೆ.

ನನ್ನಂಥವಳು ಕೈಗೆ ಸಿಕ್ಕಿದ್ದು ತನ್ನ ಅದೃಷ್ಟ ಎಂದು ಒಮ್ಮೆ ಹೇಳಿದ. ಕೈ ಹಿಡಿದುಕೊಂಡಿದ್ದ. ನನ್ನ ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ನಾನು ಕರಗಿಹೋದೆ. ನಾಚಿಕೆ ಯಾಕೆ, ಕರಗಿಹೋಗಿದ್ದೆ.

ಮಾರ್ಚ್ ತಿಂಗಳ ಒಂದು ಬುಧವಾರ ನನಗೆ ಆಟ ಸಾಕೆನಿಸಿತು. ಇವನ ಮುಂದೆಯಾದರೂ ನಾನು ನಾನಾಗಿರಬೇಕು ಎನಿಸಿತು. ಅವನು ಎಂದಿನಂತೆ ಕೇಳಿದ. ಇವತ್ತು ನಾನು ನಿಲ್ಡಾ ಎಂದೆ. ಹಾಗೆಂದು, ಯಾರಿಗೂ ಹೇಳದ ಒಂದು ವಿಷಯವನ್ನು ಹೇಳಿದೆ.

ನನ್ನ ಅಪ್ಪ ಬಸ್ ಡ್ರೈವರ್. ಅವನ ಬಸ್ಸು ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ ನಮ್ಮ ಮನೆಯ ಮುಂದೆಯೇ ಹಾದುಹೋಗುತ್ತಿತ್ತು. ಹೋಗುವಾಗ ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಅಮ್ಮ ಆಗ ಸ್ಟೌವ್ ಹಚ್ಚಿ ರವೆ ಸೂಪಿಗೆ ಇಡುತ್ತಿದ್ದಳು. ಬಸ್ಸು ಕೊನೆಯ ಸ್ಟಾಪ್ ಮುಟ್ಟಿ ಅಪ್ಪ ಇಳಿದು ಬರುವಷ್ಟರಲ್ಲಿ ಸೂಪ್ ಆಗಿರುತ್ತಿತ್ತು. ನನಗೆ ಒಂಬತ್ತಾದಾಗ ಅವನು ನಮ್ಮನ್ನು ಬಿಟ್ಟು ಅದೇ ದಾರಿಯ ಮೂರು ಸ್ಟಾಪ್ ಆಚೆ ಇನ್ನೊಬ್ಬಳ ಮನೆ ಸೇರಿದ. ಆದರೆ ಬಸ್ಸಿನ ದಾರಿ ಬದಲಾಗಲಿಲ್ಲ. ದಿನಾ ನಮ್ಮ ಮನೆಯ ಮುಂದೆಯೇ ಹೋಗುತ್ತಿದ್ದ, ಹಾರ್ನ್ ಮಾತ್ರ ಇಲ್ಲ. ಅಮ್ಮ ಹಾರ್ನ್ ಇಲ್ಲದೆಯೇ ಹನ್ನೆರಡೂ ಹತ್ತಕ್ಕೆ ಸೂಪ್ ಇಡುತ್ತಿದ್ದಳು. ಎರಡು ವರ್ಷ ಹೀಗೇ ನಡೆಯಿತು. ಒಂದು ದಿನ ಇದ್ದಕ್ಕಿದ್ದಂತೆ ಎರಡು ಸಲ ಹಾರ್ನ್. ನಾನು ಬಾಗಿಲಿಗೆ ಓಡಿದೆ. ಅಮ್ಮ ಕುದಿಯುತ್ತಿದ್ದ ಸೂಪಿನ ಕೆಳಗಿನ ಸ್ಟೌವ್ ಆರಿಸಿದಳು. "ಅವನಿಗೆ ಹಸಿವಾಗಿದೆ, ಅಷ್ಟೆ" ಎಂದಳು. ಆ ದಿನ ಬ್ರೆಡ್ ತಿಂದೆವು. ಮತ್ತೆ ಅವನು ಹಾರ್ನ್ ಹೊಡೆಯಲಿಲ್ಲ. ಆ ಇನ್ನೊಂದು ಮನೆಯಲ್ಲೇ ಸತ್ತ. ಅಮ್ಮ ತನ್ನ ಬದುಕಿನಲ್ಲಿ ತಲೆ ಎತ್ತಿ ಮಾಡಿದ ಕೆಲಸ ಅದೊಂದೇ, ಆ ಒಂದರ ಮೇಲೆಯೇ ಇಪ್ಪತ್ತು ವರ್ಷ ನೆಟ್ಟಗೆ ನಡೆದಳು.

ರೆನ್ಸೊನ ಕೈಯಲ್ಲಿದ್ದ ಪಿಕಾರೋನ್ ತಣ್ಣಗಾಯಿತು. ಆಮೇಲೆ ಮೆಲ್ಲಗೆ ಕೇಳಿದ, "ಅದು ಯಾವ ಸೂಪ್ ಅಂದೆ? ರವೇದಾ?"

ಪ್ರೀತಿಸುವವನಲ್ಲದೆ ಮತ್ಯಾರು ಇಂಥ ಪ್ರಶ್ನೆ ಕೇಳುತ್ತಾರೆ ಎಂದುಕೊಂಡೆ. ದಡ್ಡಿ. ಅದೇ ಸಂಜೆ ಅವನು, ಜುಲೈ ತಿಂಗಳ ಸ್ವಾತಂತ್ರ್ಯದ ರಜೆಯ ಭಾನುವಾರ ಊಟಕ್ಕೆ ಬಂದು ನಿನ್ನ ಅಮ್ಮನ ಹತ್ತಿರ ಮದುವೆಯ ಮಾತಾಡುತ್ತೇನೆ ಎಂದ. ಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅವಳು ಪೆಟ್ಟಿಗೆಯಿಂದ ಕಸೂತಿಯ ಮೇಜುಬಟ್ಟೆ ತೆಗೆದು ಬಿಸಿಲಿಗೆ ಹಾಕಿದಳು.

ಜೂನ್ ಕೊನೆಯಲ್ಲಿ ದೋನ್ಯಾ ಎದೆಲ್ಮೀರಾ ಬಂದಳು. ನಾಳೆ ಸೂಪ್ ಕ್ಯೂಬಿನ, ಅದೇ ಸೂಪಿಗೆ ಪುಡಿಮಾಡಿ ಹಾಕುವ ಮಸಾಲೆ ಬಿಲ್ಲೆಯ ಜಾಹೀರಾತು, ನಿನ್ನನ್ನೇ ಕಳಿಸಬೇಕೆಂದು ಆ ಕನ್ನಡಕದ ಸಾಹೇಬರು ಕೇಳಿದ್ದಾರೆ ಎಂದು ಕಣ್ಣು ಮಿಟುಕಿಸಿದಳು. ಆ ದಿನ ನಾನು ಐದು ಜನರ ಸಂಸಾರದ ಬ್ರೀಹಿದಾ. ತುಟಿಗೆ ಬಣ್ಣ ಹಚ್ಚಿಕೊಂಡು ಹೋದೆ. ಕನ್ನಡಿಯ ಆಚೆ ಅವನಿರುತ್ತಾನಲ್ಲ.

ದೀಪ ಆರಿಸಿದರು. ಟಿವಿಯಲ್ಲಿ ಒಂದು ಬೀದಿ, ಒಂದು ಬಸ್ಸು. ಎರಡು ಸಲ ಹಾರ್ನ್. ಅಡುಗೆಮನೆಯಲ್ಲಿ ಒಬ್ಬ ಚೆಂದದ ಹೆಂಗಸು ತಲೆ ಎತ್ತಿ, ನಕ್ಕು, ಕಾಲ್ದೋರ ಕ್ಯೂಬೊಂದನ್ನು ಪುಡಿಮಾಡಿ ಪಾತ್ರೆಗೆ ಹಾಕಿದಳು. ಮರುದಿನ ಬಸ್ಸು ಹೋಯಿತು, ಹಾರ್ನ್ ಇಲ್ಲ. ಅವಳು ಕಿಟಕಿಯಲ್ಲಿ ನಿಂತಳು. ಕ್ಯಾಲೆಂಡರಿನ ಹಾಳೆಗಳು ಹಾರಿದವು. ಮತ್ತೆ ಎರಡು ಸಲ ಹಾರ್ನ್. ಸಣ್ಣ ಹುಡುಗಿಯೊಬ್ಬಳು ಬಾಗಿಲಿಗೆ ಓಡಿದಳು. ಗಂಡ ಒಳಗೆ ಬಂದ, ಹಬೆಯಾಡುವ ರವೆ ಸೂಪಿನ ಮುಂದೆ ಕೂತ. ಎಲ್ಲರೂ ನಕ್ಕರು. ಕಾಲ್ದೋರ, ಮನೆಗೆ ಕರೆತರುವ ರುಚಿ.

ದೀಪ ಹಾಕಿದಾಗ ನನ್ನ ಪಕ್ಕದವಳು ಮೂಗು ಒರೆಸಿಕೊಳ್ಳುತ್ತಿದ್ದಳು. ಎದುರಿನವಳು ಮಾತ್ರ, ಈ ಊರಲ್ಲಿ ಸೂಪಿಗೋಸ್ಕರ ವಾಪಸ್ಸು ಬಂದ ಗಂಡಸನ್ನು ತಾನು ನೋಡೇ ಇಲ್ಲ ಎಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಪ್ರಶ್ನೆ ಕೇಳುವ ಹುಡುಗಿ ನನ್ನ ಕಡೆ ತಿರುಗಿದಳು. ಬ್ರೀಹಿದಾ ಅವರೇ, ನಿಮಗೆ ಏನನ್ನಿಸಿತು? ಒಂದರಿಂದ ಹತ್ತರಲ್ಲಿ ಎಷ್ಟು ನಂಬಬಹುದು?

ಅವಳನ್ನು ನೋಡಲಿಲ್ಲ, ಕನ್ನಡಿಯನ್ನು ನೋಡಿದೆ.

"ಕೊನೇದು ಸುಳ್ಳು. ಅವಳು ಒಲೆ ಆರಿಸ್ತಾಳೆ."

ಆ ಹುಡುಗಿ ನಯವಾಗಿಯೇ ಹೇಳಿದಳು, ಒಲೆ ಆರಿಸುವುದನ್ನು ತೋರಿಸಿದರೆ ಕ್ಯೂಬನ್ನು ಯಾರು ಕೊಳ್ಳುತ್ತಾರೆ? ಅದು ಸರಿಯೇ. ಅವಳ ಮೇಲೆ ನನಗೆ ಸಿಟ್ಟಿಲ್ಲ.

ರೆನ್ಸೊ ಪಿಕಾರೋನ್ ಗಾಡಿಯ ಹತ್ತಿರ ಕಾಯುತ್ತಿದ್ದ. ನನ್ನ ಮುಖ ನೋಡಿಯೇ ಅವನ ನಗು ಅರ್ಧಕ್ಕೆ ನಿಂತಿತು. ನಿನಗೆ ಖುಷಿಯಾಗಲಿ ಅಂತ ಕರೆಸಿದೆ, ನಿನ್ನ ಕಥೆ ಇಡೀ ದೇಶ ನೋಡಲಿ ಅಂತ, ಎಂದು ತಡವರಿಸಿದ. ಅದು ನನ್ನ ಅಮ್ಮ ಎಂದೆ. ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖ ಬಿಳಿಚಿಕೊಂಡಿತು.

"ನಿಲ್ಡಾ, ಅದು ನೀನು ಕಟ್ಟಿದ್ದು ಅಂದ್ಕೊಂಡೆ. ನಿನ್ನ ಕಥೆಗಳಲ್ಲೆಲ್ಲ ಅದೇ ಚೆಂದ ಅಂದ್ಕೊಂಡೆ."

"ಇವತ್ತು ನಾನು ನಿಲ್ಡಾ ಅಂತ ಹೇಳಿದ್ನಲ್ಲ?"

"ಅದೂ ಆಟ ಅಂದ್ಕೊಂಡೆ ಕಣೇ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಕಣ್ಣು ತುಂಬಿಕೊಂಡಿತ್ತು. ಒಂದು ವರ್ಷ ವಾರವಾರ ಅವನಿಗೆ ಸುಳ್ಳನ್ನೇ ಉಣಿಸಿದವಳು ನಾನು. ನಿಜ ಬಡಿಸಿದಾಗ ರುಚಿ ಗೊತ್ತಾಗಲಿಲ್ಲ ಎಂದು ಯಾರನ್ನು ಬೈಯಲಿ? ಆದರೂ ಮೈಯೆಲ್ಲ ಉರಿಯುತ್ತಿತ್ತು. ಇದನ್ನು ನಿಲ್ಲಿಸು, ಅಮ್ಮ ಇದನ್ನು ನೋಡಬಾರದು, ನಿಲ್ಲಿಸಿದರೆ ಭಾನುವಾರ ಊಟಕ್ಕೆ ಬಾ, ಇಲ್ಲದಿದ್ದರೆ ಬರಬೇಡ ಎಂದೆ. ಅವನು ಆಗಲಿ ಎಂದು ನನ್ನ ಎರಡೂ ಕೈ ಹಿಡಿದ. ನಾನು ಬಿಡಿಸಿಕೊಳ್ಳಲಿಲ್ಲ.

ಮೂರು ವಾರದ ನಂತರ ಬೀದಿಯ ಕಿರಾಣಿ ಅಂಗಡಿಯ ಫೋನಿಗೆ ಅವನ ಕರೆ ಬಂತು. ಪ್ರಸಾರದ ಸಮಯ ಮೊದಲೇ ಖರೀದಿಯಾಗಿದೆ, ಕಂಪನಿಯವರಿಗೆ ತುಂಬ ಹಿಡಿಸಿದೆ, ಅದು ಒಬ್ಬರ ನಿಜವಾದ ಬದುಕು ಎಂದು ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮದುವೆ ಹೇಗೆ ಎಂದ. ನಮ್ಮಿಬ್ಬರಿಗೋಸ್ಕರವೇ ಸುಮ್ಮನಿದ್ದೇನೆ ಎಂದ. ಬದನೆಕಾಯಿ ಆರಿಸುತ್ತಿದ್ದ ಹೆಂಗಸರ ಮುಂದೆ ನಾನು ಏನು ಹೇಳಲಿ? ಫೋನ್ ಇಟ್ಟೆ.

ಮನೆಗೆ ಬಂದು ಟಿವಿಯ ಆಂಟೆನಾ ತಂತಿ ಕಿತ್ತು ಹಾಕಿದೆ. ಕೆಟ್ಟಿದೆ ಎಂದೆ. ಅಮ್ಮ ಎರಡು ದಿನ ಧಾರಾವಾಹಿ ಇಲ್ಲದೆ ಚಡಪಡಿಸಿದಳು. ಮೂರನೆಯ ದಿನ ನಾನು ಬಟ್ಟೆ ತಲುಪಿಸಲು ಹೋದಾಗ ಪಕ್ಕದ ಮನೆಯವನನ್ನು ಕರೆದು ಸರಿಮಾಡಿಸಿಕೊಂಡಿದ್ದಳು. ನಾನು ಒಳಗೆ ಕಾಲಿಡುವಾಗ ಎರಡು ಸಲ ಹಾರ್ನ್ ಕೇಳಿಸಿತು. ಬೀದಿಯಿಂದಲ್ಲ, ಟಿವಿಯಿಂದ.

ಅಮ್ಮ ಕುರ್ಚಿಯ ತುದಿಗೆ ಬಂದು ಕೂತಿದ್ದಳು. ಜಾಹೀರಾತು ಮುಗಿಯಿತು, ಧಾರಾವಾಹಿ ಮತ್ತೆ ಶುರುವಾಯಿತು, ಅವಳು ಅಲುಗಾಡಲಿಲ್ಲ. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ನಿಲ್ಡಿ, ಆ ಹೆಂಗಸು ಒಲೆ ಆರಿಸಲಿಲ್ಲ, ನೋಡಿದ್ಯಾ?" ಎಂದಳು. ಸ್ವಲ್ಪ ತಡೆದು, "ನಾನೂ ಆರಿಸಬಾರದಿತ್ತೇನೋ. ಒಳಗೆ ಬರ್ತಿದ್ನೇನೋ ನಿಮ್ಮಪ್ಪ."

ಅದು ಜಾಹೀರಾತಮ್ಮ ಎಂದೆ. ನನಗೂ ಗೊತ್ತು ಜಾಹೀರಾತು ಎಂದಳು. ಆ ಕ್ಯೂಬು ತಗೊಂಡು ಬಾ, ಭಾನುವಾರಕ್ಕೆ ಅದೇ ಸೂಪ್ ಮಾಡೋಣ, ನಿನ್ನವನು ಬರುತ್ತಾನಲ್ಲ ಎಂದಳು. ಇಪ್ಪತ್ತು ವರ್ಷ ನೆಟ್ಟಗಿದ್ದ ಬೆನ್ನು ಆ ಕುರ್ಚಿಯಲ್ಲಿ ಬಾಗಿತ್ತು. ಅವನು ಬರುವುದಿಲ್ಲ ಎನ್ನಲು ನನಗೆ ನಾಲಗೆ ಹೊರಳಲಿಲ್ಲ. ಕ್ಯೂಬು ತಂದುಕೊಟ್ಟೆ.

ಭಾನುವಾರ ಮೇಜಿನ ಮೇಲೆ ಕಸೂತಿ ಬಟ್ಟೆ, ಮೂರು ತಟ್ಟೆ. ಅಮ್ಮ ಪಾತ್ರೆಯಲ್ಲಿ ನೀರು, ತರಕಾರಿ ಹಾಕಿ ಇಟ್ಟುಕೊಂಡು, ಗ್ಯಾಸ್ ಹಚ್ಚದೆ ಬೆಂಕಿಪೊಟ್ಟಣ ಹಿಡಿದು ಕೂತಿದ್ದಳು. ಅವನು ಬರಬಾರದು ಎಂದುಕೊಳ್ಳುತ್ತಿದ್ದೆ, ಅಂದುಕೊಳ್ಳುತ್ತಲೇ ಎರಡು ಸಲ ತಲೆ ಬಾಚಿಕೊಂಡಿದ್ದೆ.

ಹನ್ನೆರಡೂವರೆಗೆ ಬೀದಿಯಲ್ಲಿ ಕಾರು ನಿಂತಿತು. ನಮ್ಮ ಗುಡ್ಡದ ಮನೆಗಳಿಗೆ ಕರೆಗಂಟೆ ಇಲ್ಲ, ಬಂದವರೆಲ್ಲ ಕೆಳಗಿನಿಂದ ಹಾರ್ನ್ ಹೊಡೆದೇ ಕರೆಯುವುದು. ಅವನೂ ಹೊಡೆದ, ಎರಡು ಸಲ. ಬೇಕೆಂದೇ ಹೊಡೆದನೋ, ಕೈ ತಾನಾಗಿ ಹೋಯಿತೋ, ನನಗೆ ಇಂದಿಗೂ ತಿಳಿಯದು.

ಅಮ್ಮ ಕಡ್ಡಿ ಗೀರಿದಳು. ಒಲೆ ಹತ್ತಿತು. ಕ್ಯೂಬನ್ನು ಬೆರಳಲ್ಲಿ ಪುಡಿಮಾಡಿ ಹಾಕುತ್ತಾ ಬಾಗಿಲ ಕಡೆ ನೋಡಿದಳು. ಆ ಟಿವಿಯ ಹೆಂಗಸಿನ ನಗು ನನ್ನ ಅಮ್ಮನ ಮುಖದ ಮೇಲಿತ್ತು.

ಕಿಟಕಿಯಿಂದ ಇಣುಕಿದೆ. ರೆನ್ಸೊ ಬಿಳಿ ಅಂಗಿ ಹಾಕಿಕೊಂಡು, ಹೂ ಹಿಡಿದು, ಕತ್ತೆತ್ತಿ ನಮ್ಮ ಮನೆಯ ಕಡೆ ನೋಡುತ್ತಿದ್ದ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ. ಅವನ ಮೇಲೆ ನನಗೆ ಪ್ರೀತಿ ಇತ್ತು. ಓಡಿಹೋಗಿ ಬಾಗಿಲು ತೆಗೆಯುವಷ್ಟಿತ್ತು.

ನಾನು ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ.

"ಯಾರದು?" ಎಂದಳು ಅಮ್ಮ.

"ಯಾರಿಗೋ ಹಸಿವಾಗಿದೆ, ಅಷ್ಟೆ."

ಅಮ್ಮ ನನ್ನ ಮುಖವನ್ನೇ ನೋಡಿದಳು. ಇನ್ನೂ ಎರಡು ಸಲ ಹಾರ್ನ್ ಆಯಿತು. ಅವಳು ಎದ್ದು ಒಂದು ತಟ್ಟೆ ತೆಗೆದಿಟ್ಟಳು, ಬೆನ್ನು ನೆಟ್ಟಗೆ ಮಾಡಿಕೊಂಡು ಬ್ರೆಡ್ ಕೊಯ್ಯಲು ಕೂತಳು. ಕಾರು ಹೋಗುವವರೆಗೂ ನಾನು ಒಲೆಯ ಮುಂದಿನಿಂದ ಕದಲಲಿಲ್ಲ.