ಡೈರಿಯ ಹೆಸರಲ್ಲಿ ಬಂದ ಸಂದೇಶ

"ಇವತ್ತು ಡೈರಿಯಲ್ಲಿ ಹಾಲು ತೆಗೆದುಕೊಳ್ಳುವುದಿಲ್ಲ. ಯಾರೂ ತರಬೇಡಿ."

ಈ ಸಂದೇಶವಿದ್ದ ಮೊಬೈಲನ್ನು ಲಕ್ಷ್ಮಿದೇವಮ್ಮನ ಮುಂದೆ ಹಿಡಿದು ಅರ್ಪಿತ ಅತ್ತೇಬಿಟ್ಟಳು. ಸಿಂಧಘಟ್ಟದಾಚೆಯ ಕೊಪ್ಪಲಿನ ಡೈರಿಯಲ್ಲಿ ಅವಳದು ಕಂಪ್ಯೂಟರ್ ಕೆಲಸ. ಆ ಬೆಳಿಗ್ಗೆ ಡೈರಿಯ ನಂಬರಿನಿಂದಲೇ ಸುದ್ದಿ ಮನೆಮನೆಗೂ ಹೋಗಿ, ಜನ ಕರೆದ ಹಾಲನ್ನೆಲ್ಲ ಖಾಸಗಿ ಟ್ಯಾಂಕರಿಗೆ ಸುರಿದಿದ್ದರು.

"ಸಂಜೆ ಮೀಟಿಂಗಲ್ಲಿ ನನ್ನ ಕೆಲ್ಸದಿಂದ ತೆಗೀತಾರಂತೆ ಕಣಮ್ಮ. ದೇವ್ರಾಣೆ ನಾನು ಕಳಿಸ್ಲಿಲ್ಲ!"

ಪೊಲೀಸ್ ಕೆಲಸದಿಂದ ನಿವೃತ್ತಳಾದ ಮೇಲೂ ಪಾಂಡವಪುರದ ಸುತ್ತಮುತ್ತ ಏನೇ ಎಡವಟ್ಟಾದರೂ ಜನ ಬರುತ್ತಿದ್ದುದು ಲಕ್ಷ್ಮಿದೇವಮ್ಮನ ಬಳಿಗೆ. ಅವಳ ಹಿಂದೆ ಅಲೆದಲೆದು ಸಾಕಾಗಿದ್ದವಳು ತಂಗಿ ಯಶೋಧ. ಈಗಲೂ ಒಲೆಯ ಮೇಲೆ ಸಾರು ಕುದಿಯುತ್ತಿತ್ತು.

"ಮೆಸೇಜು ಎಂಗ್ ಕಳಿಸ್ತೀಯವ್ವ?" ಎಂದಳು ಲಕ್ಷ್ಮಿದೇವಮ್ಮ.

"ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೇಲಿ ಪ್ರೋಗ್ರಾಂ ಬರ್ದಿದೀನಿ. ಮೆಸೇಜ್ ಕಳ್ಸೋಕೆ ಅಂತ್ಲೇ ಒಂದು ಲೈಬ್ರರಿ, ಅಂದ್ರೆ ಮೊದ್ಲೇ ಬರ್ದಿಟ್ಟಿರೋ ಪ್ರೋಗ್ರಾಂ ಕಟ್ಟು, ಅದೆ. ಅದು ನಮ್ಮ ಮಾತನ್ನ ಎಪಿಐಗೆ ಮುಟ್ಟಿಸ್ತದೆ. ಎಪಿಐ ಅಂದ್ರೆ ಮೆಸೇಜ್ ಕಂಪನಿಯೋರ ಬಾಗ್ಲು ಅಂದ್ಕೊಳಿ. ಉದ್ದನೆ ಗುಟ್ಟಿನ ಕೀ ಕೊಟ್ರೇನೇ ತೆಗೆಯೋದು. ಪ್ರೋಗ್ರಾಮು ಕಲೀಲಿ ಅಂತ ಡೈರಿ ಕಾರ್ಯದರ್ಶಿ ಮಂಜಣ್ಣಂಗೂ ಹಾಲು ಟೆಸ್ಟ್ ಮಾಡೋ ಕುಮಾರಂಗೂ ಕೊಟ್ಟಿದೀನಿ. ಕೀ ಮಾತ್ರ ಅಳಿಸಿ ಕೊಟ್ಟೆ."

"ಕೀ ಇದ್ರೆ ಬೇರೆ ಕಂಪ್ಯೂಟ್ರಿಂದ್ಲೂ ಓಯ್ತದಾ?"

"ಓಯ್ತದೆ. ಆದ್ರೆ ಕೀ ಇರೋದು ನನ್ನ ಲ್ಯಾಪ್‌ಟಾಪಲ್ಲಿ ಮಾತ್ರ."

"ಆಯುಧಪೂಜೆ ಜೋರಾಗ್ ಮಾಡುದ್ರಾ ಡೈರೀಲಿ?"

ಯಶೋಧ ಹಣೆ ಚಚ್ಚಿಕೊಂಡಳು. "ಎಣ್ಣುಮಗ ಕೆಲ್ಸ ಓಯ್ತದೆ ಅಂತ ಅಳ್ತಾ ಅದೆ, ನೀನು ಪೂಜೆ ಇಚಾರುಸ್ತೀಯಲ್ಲಕ್ಕ!"

ಅರ್ಪಿತ ಡೈರಿಯ ವಾಟ್ಸಾಪ್ ಗುಂಪಿನಲ್ಲಿದ್ದ ಫೋಟೊ ತೋರಿಸಿದಳು. ನಡೆಯುತ್ತಿರುವ ಯಂತ್ರಕ್ಕೇ ಪೂಜೆಯಾಗಬೇಕು ಎಂದು ಅಧ್ಯಕ್ಷ ದೇವಯ್ಯ ಹಟ ಹಿಡಿದಿದ್ದರಿಂದ, ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತೆರೆದೇ ಇತ್ತು. ಪರದೆಯ ಅಂಚಿಗೆ ಸಿಕ್ಕಿಸಿ ಇಳಿಬಿಟ್ಟ ಒಂದು ದಪ್ಪ ಚೆಂಡುಹೂವು. ಅಕ್ಕ ಆ ಹೂವನ್ನು ನೋಡಿದಳು, ನೋಡಿದಳು, ನೋಡುತ್ತಲೇ ಇದ್ದಳು. ಅಷ್ಟರಲ್ಲಿ ಸಾರು ಉಕ್ಕಿತು.

ಬಸ್ಸು ಹಿಡಿದು ಕೊಪ್ಪಲಿಗೆ ಹೋದರೆ, ಅಕ್ಕ ನೇರ ಹಾಲು ಪರೀಕ್ಷೆ ಮಾಡುವ ಕುಮಾರನ ಬಳಿ ನಿಂತಳು.

"ಪೂಜೆ ದಿನ ನೀನೂ ಫೋಟೊ ತೆಗುದ್ಯಾ?"

"ಎಲ್ಲಿ ತೆಗೀಲವ್ವ? ಕೈಲಿ ಮಂಗಳಾರತಿ ತಟ್ಟೆ. ಕಾರ್ಯದರ್ಶಿ ಮಂಜಣ್ಣ ಒಂದ್ ಫೋಟೊ ತೆಗ್ದು, ಬೋಳ್‌ಬೋಳಾಗದೆ ಅಂತ ಹೂ ಇಟ್ಟು ಇನ್ನೊಂದ್ ತೆಗ್ದ. ಕರ್ಪೂರ ಕೈ ಸುಡ್ತಿತ್ತು ನಂಗೆ!"

"ಇವತ್ತು ಟ್ಯಾಂಕರು ಯಾವಾಗ ಬಂತು?"

"ನಾನು ಬಾಗ್ಲು ತೆಗ್ಯೋಕ್ ಬಂದಾಗ್ಲೇ ಅರಳಿಕಟ್ಟೆ ತಾವ ನಿಂತಿತ್ತು. ಮೆಸೇಜ್ ಬಂದಿದ್ದು ಆಮೇಲೆ."

ಸಂಜೆ ಡೈರಿಯ ಅಂಗಳದಲ್ಲಿ ಊರೇ ನೆರೆಯಿತು. ಲಕ್ಷ್ಮಿದೇವಮ್ಮ ಎದ್ದು ನಿಂತು, ಎಲ್ಲರೂ ಮೊಬೈಲಿನಲ್ಲಿ ಪೂಜೆಯ ಫೋಟೊ ತೆರೆದು ನೋಡಿ ಎಂದಳು. ಯಶೋಧ ನಾಚಿಕೆಯಿಂದ ಸೆರಗು ಕಚ್ಚಿದಳು.

"ಅರ್ಪಿತ, ಕೀ ಎಲ್ಲವ್ವ?"

ಫೋಟೊದ ಮೇಲೆ ಆಡುತ್ತಿದ್ದ ಅರ್ಪಿತಳ ಬೆರಳು ಒಂದೆಡೆ ನಿಂತಿತು. "ಅಯ್ಯೋ! ಕೀ ಈ ಸಾಲಲ್ಲೇ ಅದೆ. ಅರ್ಧ ಹೂವಿನಡಿ ಮುಚ್ಚೋಗದೆ."

"ಅರ್ಧ ಕೀಗೆ ಬಾಗ್ಲು ತೆಗೆಯಾಕಿಲ್ಲ. ಅದುಕ್ಕೇ ವಾಟ್ಸಾಪ್ ಗುಂಪಲ್ಲಿ ಫೋಟೊ ನೋಡುದೋರು ಯಾರೂ ಕಳ್ಳರಲ್ಲ. ಅಷ್ಟುದ್ದ ಅಕ್ಷರ ನಿಂತು ನೋಡಿ ಬಾಯಿಪಾಠ ಮಾಡಾಕೂ ಆಗಾಕಿಲ್ಲ. ಹೂ ಇಡೋಕ್ ಮುಂಚೆ ಒಂದ್ ಫೋಟೊ ತೆಗ್ದವ್ರೆ. ಮಂಜಣ್ಣ, ಅದುನ್ನ ತೋರ್ಸಪ್ಪ."

"ಅದ್ನ... ಅಳಿಸ್ಬುಟ್ಟೆ ಕಣಮ್ಮ."

"ಯಾಕಳಿಸ್ದೆ? ನಿನ್ ಮನೇಲಿ ಪ್ರೋಗ್ರಾಮಿತ್ತು, ಕೀ ಒಂದೇ ಕಮ್ಮಿಯಾಗಿತ್ತು. ಫೋಟೊದಲ್ಲಿ ಅದೂ ಸಿಕ್ತು. ಮೆಸೇಜ್ ಬರೋಕ್ ಮುಂಚೇನೇ ಟ್ಯಾಂಕರು ಬಂದಿತ್ತು. ಮೆಸೇಜ್ ಬರ್ತದೆ ಅಂತ ಅದ್ಕೆ ಏಳ್ದೋರ್ಯಾರು? ಟ್ಯಾಂಕರು ಯಾರುದು ದೇವಯ್ಯನೋರೇ?"

"ಇವನ ಭಾವಂದು," ಎಂದರು ದೇವಯ್ಯ. "ಲೇ ಮಂಜ, ಆ ಎಣ್ಣುಮಗೀನ ತಲೆಗ್ ಕಟ್ಟಕ್ ಓದ್ಯಲ್ಲಲಾ!"

"ಒಂದ್ ಸಲ ಹಾಲು ಸಿಕ್ರೆ ಜನ ನಮ್ ಟ್ಯಾಂಕರ್ ಕಡೀಕ್ ತಿರುಗ್ತಾರೆ ಅಂದ ಭಾವ," ಎಂದು ಗೊಣಗಿದ ಮಂಜಣ್ಣ. ಮುಂದಿನ ಮಾತು ಗದ್ದಲದಲ್ಲಿ ಕೇಳಿಸಲಿಲ್ಲ.

ಅವನಿಂದ ಡೈರಿ ಆಫೀಸಿನ ಬೀಗದ ಕೈ ಕಸಿದುಕೊಂಡು ದೇವಯ್ಯ ಅರ್ಪಿತಳ ಕಡೆ ತಿರುಗಿದರು. "ಮಗ, ಜನಕ್ಕೆ ನೀನೇ ಏಳವ್ವ. ನಿನ್ ಮಾತೇ ಓಗ್ಲಿ."

ಅವಳು ಮೊದಲು ಹಳೆಯ ಕೀ ರದ್ದು ಮಾಡಿದಳು. ಹೊಸದನ್ನು ಪಡೆಯುವಾಗ ಲ್ಯಾಪ್‌ಟಾಪನ್ನು ಗೋಡೆಗೆ ತಿರುಗಿಸಿಕೊಂಡಳು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿದ್ದವರ ಜೇಬು, ಮಡಿಲುಗಳೆಲ್ಲ ಒಟ್ಟಿಗೇ ಸದ್ದು ಮಾಡಿದವು. "ಡೈರಿ ತೆರೆದಿದೆ. ಹಾಲು ತನ್ನಿ."

ಹೆಂಗಸರು ಕ್ಯಾನು ತರಲು ಎದ್ದರು.