ತೊಟ್ಟಿಲಲ್ಲಿ ಎದ್ದ ದನಿ

ಮೊದಲು ಒಂದು ಸಣ್ಣ ಕೀರಲು ಸದ್ದು. ಅದರ ಹಿಂದೆಯೇ ಡಿಸ್ಕು ಕರಕರ ತಿರುಗಿತು, ಫ್ಯಾನು ಗೊರಗುಟ್ಟತೊಡಗಿತು. ನಿಜಕ್ಕೂ ಧಾರವಾಡದ ಆ ಪ್ರಯೋಗಾಲಯದಲ್ಲಿ ತಿರುಗುವ ಡಿಸ್ಕೂ ಇರಲಿಲ್ಲ, ಫ್ಯಾನೂ ಇರಲಿಲ್ಲ. ಸಿಂಚನಾ ಬಳಿಗಾರ ಮೇಜಿನ ಮೇಲೆ ಕೈಯಾಡಿಸಿದರು. ಸಿಕ್ಕಿದ್ದು ಅಂಗೈಯಗಲದ, ತಣ್ಣಗಿನ ಒಂದು ಪೆಟ್ಟಿಗೆ ಮಾತ್ರ.

"ಇದು ನಮ್ಮ ಸಾಲಿ ಕಂಪ್ಯೂಟರು!" ಎಂದರು. "ಬೆಳಗಿನ ಹೊತ್ತು ಹಿಂಗ ನರಳಿಕೋತ ಏಳ್ತಿತ್ತು. ಈ ಸಪ್ಪಳ ಎಲ್ಲಿಂದ ತಂದ್ರಿ?"

"ನಾ ತಂದಿಲ್ರಿ ಮೇಡಂ. ಅದಕ್ಕ ತನ್ನ ಹಳೇ ಮೈ ಸಿಕ್ಕೈತಿ, ಅದ ನರಳಾಕತ್ತೈತಿ," ಎಂದರು ಪ್ರಯೋಗಾಲಯದ ವಿಜ್ಞಾನಿ ಡಾಕ್ಟರ್ ಇಮ್ತಿಯಾಜ್ ನದಾಫ್.

ಆ ಪೆಟ್ಟಿಗೆಗೆ ನದಾಫರು ಇಟ್ಟ ಹೆಸರು ತೊಟ್ಟಿಲು. ಒಂದು ಯಂತ್ರದೊಳಗೆ ಇನ್ನೊಂದು ಯಂತ್ರವನ್ನು ಬರೀ ತಂತ್ರಾಂಶದಿಂದಲೇ ಸೃಷ್ಟಿಸಿ ನಡೆಸುವ ವಿದ್ಯೆ ಹೊಸದೇನಲ್ಲ. ಲಿನಕ್ಸ್ ಎಂಬ ಮುಕ್ತ ಕಾರ್ಯವ್ಯವಸ್ಥೆಯಲ್ಲಿ ಅದು ಅವರ ಅಜ್ಜನ ಕಾಲದಿಂದಲೂ ಇತ್ತು. ಒಳಗಿನ ಯಂತ್ರ ತಾನು ಅತಿಥಿಯೆಂದು ತಿಳಿಯದೆ, ಇಡೀ ಮನೆ ತನ್ನದೇ ಎಂದುಕೊಂಡು ಬಾಳುತ್ತದೆ. ನದಾಫರು ಇದನ್ನೇ ಇನ್ನಷ್ಟು ಮುಂದಕ್ಕೆ ಒಯ್ದಿದ್ದರು. ಸತ್ತ ಕಂಪ್ಯೂಟರಿನ ಡಿಸ್ಕಿನಲ್ಲಿ ಉಳಿದ ಚೂರುಪಾರು ಗುರುತುಗಳನ್ನು ಓದಿ, ಅದು ಒಮ್ಮೆ ಯಾವ ಮೈಯಲ್ಲಿತ್ತು ಎಂದು ತೊಟ್ಟಿಲು ತಾನೇ ಊಹಿಸುತ್ತಿತ್ತು. ಅದರ ನಿಧಾನ, ಅದರ ಬಿಸಿ, ಧ್ವನಿ ಹೊರಡಿಸುವ ಬಿಲ್ಲೆಯ ಊನ, ಎಲ್ಲವನ್ನೂ ಹಾಗೆಯೇ ಕಟ್ಟಿಕೊಡುತ್ತಿತ್ತು.

ಸಿಂಚನಾ ಹುಟ್ಟುಗುರುಡಿ. ಗದುಗಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ಓದೇ ಅವರ ಉಸಿರು. ಆದರೆ ಅರವತ್ತು ದಾಟಿದ ಮೇಲೆ ಕಿವಿ ಮಂದವಾಯಿತು. ಸಕ್ಕರೆ ಕಾಯಿಲೆ ಬೆರಳ ತುದಿಗಳನ್ನು ಮರಗಟ್ಟಿಸಿದ್ದರಿಂದ ಬ್ರೈಲ್ ಕೂಡ ಕೈಬಿಟ್ಟಿತು. ಹತ್ತಿರ ಕೂತು ಒಬ್ಬರೇ ಬಿಡಿಸಿ ಮಾತಾಡಿದರೆ ತಿಳಿಯುತ್ತಿತ್ತು. ಪುಸ್ತಕ ಓದುವ ಹೊಸ ಯಂತ್ರಗಳ ದನಿ ಮಾತ್ರ ತಿಳಿಯುತ್ತಿರಲಿಲ್ಲ. ಅವು ಮನುಷ್ಯರಂತೆ ನಗುತ್ತಿದ್ದವು, ನಿಟ್ಟುಸಿರು ಬಿಡುತ್ತಿದ್ದವು, ರಾಗ ಎಳೆಯುತ್ತಿದ್ದವು. ಅವರ ಕಿವಿಗೆ ಅದೆಲ್ಲ ಜೇನಿನಲ್ಲಿ ಅದ್ದಿದ ಅಕ್ಷರಗಳಂತೆ ಒಂದಕ್ಕೊಂದು ಅಂಟಿಕೊಂಡು ಬರುತ್ತಿತ್ತು. ವರ್ಷದಿಂದ ಒಂದು ಪುಸ್ತಕವನ್ನೂ ಅವರು ಮುಗಿಸಿರಲಿಲ್ಲ.

ಆಗ ಅವರಿಗೆ ನೆನಪಾಗಿದ್ದು ಶಾಲೆಯ ಕಂಪ್ಯೂಟರಿನ ದನಿ. ತಗಡು ಬಡಿದಂಥ ದನಿ. ಭಾವವಿಲ್ಲ, ಬಳುಕಿಲ್ಲ, ಆದರೆ ಪ್ರತಿ ಅಕ್ಷರವೂ ಬೇರೆ ಬೇರೆ ಕೇಳುತ್ತಿತ್ತು. ಅದನ್ನು ತಿದ್ದಿ ತೀಡಿದವರು ಅಂಧ ಮಕ್ಕಳ ಶಾಲೆಯ ಕಲ್ಮಠ ಸರ್. ಅವರಿಗೂ ಕಣ್ಣಿರಲಿಲ್ಲ. ಆ ದನಿ 'ಮಳೆ'ಯನ್ನು 'ಮಲೆ' ಎಂದರೆ ತರಗತಿಯ ಹುಡುಗಿಯರೆಲ್ಲ ಒಟ್ಟಿಗೆ "ತಪ್ಪು!" ಎಂದು ಕೂಗುತ್ತಿದ್ದರು. ತಿದ್ದುಪಡಿ ಮರುದಿನವೇ ಆಗಿರುತ್ತಿತ್ತು. ಸಿಂಚನಾರ ಗೆಳತಿ ಮಹಬೂಬಿಗೆ ಕೂಗುವುದೇ ಖುಷಿ. ದನಿ ಸರಿಯಾಗಿ ಓದಿದಾಗಲೂ ಕೂಗುತ್ತಿದ್ದಳು. ಆ ತಿದ್ದುಪಡಿಗಳು ಆ ಒಂದು ಕಂಪ್ಯೂಟರಿನಲ್ಲೇ ಉಳಿದವು, ಊರು ಬಿಟ್ಟು ಹೋಗಲಿಲ್ಲ. ಕಲ್ಮಠ ಸರ್ ತೀರಿಕೊಂಡರು, ಕಂಪ್ಯೂಟರು ಉಗ್ರಾಣ ಸೇರಿ ತುಕ್ಕು ಹಿಡಿಯಿತು.

ಅದರ ಡಿಸ್ಕನ್ನು ಹುಡುಕಿಸಿ ಮಡಿಲಲ್ಲಿಟ್ಟುಕೊಂಡು ಸಿಂಚನಾ ಧಾರವಾಡಕ್ಕೆ ಬಂದಿದ್ದರು.

ಈಗ ಫ್ಯಾನಿನ ಸದ್ದು ತಗ್ಗಿತು. ಚಿಟಚಿಟ ಎಂದು ಏನೋ ಒದರಿ ಸುಮ್ಮನಾಯಿತು.

"ಇದೇನ್ರಿ? ಗುಬ್ಬಿ ಚಿಂವ್‌ಗುಟ್ಟಿದಂಗ!"

"ಮಾತಾಡಾಕ ನೋಡಾಕತ್ತೈತ್ರಿ, ಆದ್ರ ಹೊರಗಿನ ಹೊತ್ತು ಒಳಗ ಸೋರಾಕತ್ತೈತಿ. ನಮ್ಮ ಗಡಿಯಾರ ನೋಡಿ ಭಾಳ ಜೋರ ಓಡಾಕತ್ತೈತಿ, ಅದಕ್ಕ ಚಿಟಚಿಟ ಅಂತೈತಿ. ಅದರ ಕಾಲದ ಗಡಿಯಾರನ ಅದಕ್ಕ ಕೊಡ್ಬೇಕು."

ನದಾಫರು ಬಹಳ ಹೊತ್ತು ಕೆಲಸ ಮಾಡಿದರು. ಗಡಿಯಾರ ಸರಿಹೋದರೆ ಇನ್ನೊಂದು ತೊಡಕು: ಕಲ್ಮಠ ಸರ್ ತಿದ್ದುಪಡಿಗಳು ಉಳಿದಿದ್ದರೂ ಡಿಸ್ಕಿನ ಇನ್ನೊಂದು ಭಾಗ ಪೂರ್ತಿ ಅಳಿಸಿಹೋಗಿತ್ತು. ಅಲ್ಲಿದ್ದ ತಂತ್ರಾಂಶವಿಲ್ಲದೆ ಆ ಸದ್ದು ಮಾತಾಗುವಂತಿರಲಿಲ್ಲ. ಆದರೆ ಅದರ ಮೂಲಬರಹವನ್ನು, ಅಂದರೆ ಮನುಷ್ಯರು ಓದಿ ತಿದ್ದಬಹುದಾದ ರೂಪವನ್ನು, ಬರೆದವನು ಯಾರೋ ಪುಣ್ಯಾತ್ಮ ಎಲ್ಲರಿಗೂ ಬಿಟ್ಟುಕೊಟ್ಟಿದ್ದ. ಜಗತ್ತಿನ ಯಾವುದೋ ಮೂಲೆಯ ಸಾರ್ವಜನಿಕ ಭಂಡಾರದಲ್ಲಿ ಅದರ ಪ್ರತಿ ಸಿಕ್ಕಿತು. ನದಾಫರು ಅದನ್ನು ತಂದು ಹರಿದ ಜಾಗಕ್ಕೆ ತೇಪೆ ಹಾಕಿದರು.

"ನಮಸ್ಕಾರ. ಓದೋಣವೇ?"

ಸಿಂಚನಾ ಕುರ್ಚಿಯ ಕೈಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡರು. ಶಾಲೆಯ ಬೆಂಚು, ಹಿಂದಿನ ರಾತ್ರಿಯ ಎಣ್ಣೆ ಇನ್ನೂ ಆರದ ಮಹಬೂಬಿಯ ಜಡೆಯ ವಾಸನೆ, ಕಲ್ಮಠ ಸರ್ ಕೋಲಿನಿಂದ ಹೊಸ್ತಿಲು ತಟ್ಟಿ ಒಳಬರುತ್ತಿದ್ದ ರೀತಿ, ಎಲ್ಲ ಒಮ್ಮೆಗೇ ನುಗ್ಗಿ ಬಂದವು.

"ಏನರ ಓದಿಸ್ರಿ," ಎಂದರು.

ವಿಜಯನಗರದ ಪೇಟೆಗಳ ಬಗ್ಗೆ ಹೊಸದಾಗಿ ಬಂದಿದ್ದ ಒಂದು ಪುಸ್ತಕವನ್ನು ನದಾಫರು ತೊಟ್ಟಿಲಿಗೆ ಕೊಟ್ಟರು. ತಗಡಿನ ದನಿ ಓದತೊಡಗಿತು. ಸಿಂಚನಾ ಸ್ವಲ್ಪ ಕೇಳಿ, "ಇನ್ನೂ ಜೋರ," ಎಂದರು. ಓದಿನ ವೇಗ ಹೆಚ್ಚಿತು. "ಇನ್ನೂ." ದನಿ ಕಾಳು ಸುರಿದಂತೆ ಸುರಿಯಿತು. ನದಾಫರಿಗೆ ಒಂದು ಪದವೂ ತಿಳಿಯಲಿಲ್ಲ. ಸಿಂಚನಾ ಮಾತ್ರ ತಲೆಯಾಡಿಸುತ್ತ ಕೇಳುತ್ತಿದ್ದರು. ಒಂದು ಕಡೆ ಫಕ್ಕನೆ ನಕ್ಕರು.

"ಏನಾತ್ರಿ?"

"ಲೇಖಕ ಇಸವಿ ತಪ್ಪು ಬರ್ದಾನ!"

ಆ ಸಂತೋಷದಲ್ಲೇ ಅವರು ಚೀಲದಿಂದ ಇನ್ನೊಂದು ವಸ್ತು ತೆಗೆದರು. ತೀರಿಕೊಂಡ ತಾಯಿ ಅಡುಗೆಮನೆಯಲ್ಲಿ ಇಟ್ಟುಕೊಂಡಿದ್ದ ಮಾತಾಡುವ ಯಂತ್ರ. ಒಗ್ಗರಣೆ ಹಾಕುತ್ತ ಹಾಡಿದ್ದು, ಬೈದದ್ದು, ಮಗಳು ಊರಿಗೆ ಬಂದಾಗ ಹೇಳಬೇಕೆಂದು ಜ್ಞಾಪಕಕ್ಕೆ ಇಟ್ಟುಕೊಂಡದ್ದು, ಎಲ್ಲವನ್ನೂ ಅದು ತಾಯಿಯ ದನಿಯಲ್ಲೇ ಹಿಡಿದಿಟ್ಟುಕೊಳ್ಳುತ್ತಿತ್ತು. ಶಾಲೆಯ ಕಂಪ್ಯೂಟರಿಗಿಂತ ಎಷ್ಟೋ ಚಿಕ್ಕ ವಯಸ್ಸಿನದು, ದುಬಾರಿಯದು, ಒಂದು ಗೀರೂ ಬಿದ್ದಿರಲಿಲ್ಲ.

ತೊಟ್ಟಿಲು ಅದಕ್ಕೂ ಮೈ ಕೊಟ್ಟಿತು. ಅದು ಕೂಡಲೇ ಎದ್ದು, ಮೆಲ್ಲಗೆ, ಸೊಗಸಾಗಿ ಏನೋ ಹೇಳಿತು. ಸಿಂಚನಾರಿಗೆ ಅರ್ಥವಾಗಲಿಲ್ಲ.

"ಏನಂತ?"

ನದಾಫರು ಬಿಡಿಸಿ ಹೇಳಿದರು. "ಸಂಪರ್ಕ ಸಿಗಾಕತ್ತಿಲ್ಲ, ಆಮ್ಯಾಲ ಬರ್ರಿ ಅಂತೈತ್ರಿ. ಅಮ್ಮನ ಮಾತು ಇದರೊಳಗ ಇಲ್ಲ. ಇದನ್ನ ಮಾಡಿದ ಕಂಪನಿಯವರ ಕಂಪ್ಯೂಟರಿನ್ಯಾಗ ಇದ್ದವು. ಕಂಪನಿ ಮುಚ್ಚಿ ಭಾಳ ವರ್ಷ ಆತು. ಮೂಲಬರಹ ಹೆಂಗಿತ್ತು ಅಂತ ಅವರು ಯಾರಿಗೂ ತೋರಿಸಿಲ್ಲ. ನಾ ಎಲ್ಲಿಂದ ತಂದು ತೇಪಿ ಹಚ್ಚಲ್ರಿ?"

ಸಿಂಚನಾ ಆ ನುಣುಪಾದ ಯಂತ್ರವನ್ನು ತಿರುಗಿ ಚೀಲಕ್ಕೆ ಹಾಕಿಕೊಂಡರು. ತಗಡು ದನಿ ಉಳಿದದ್ದು ಗಟ್ಟಿಯಾಗಿದ್ದುದರಿಂದಲ್ಲ, ಯಾರೋ ಬಾಗಿಲು ತೆರೆದಿಟ್ಟು ಹೋದದ್ದರಿಂದ. ತಾಯಿಯ ದನಿಯ ಬಾಗಿಲು ಮುಚ್ಚಿದ ದಿನ ಯಾರಿಗೂ ಗೊತ್ತೇ ಆಗಿರಲಿಲ್ಲ.

ಮುಂದಿನ ತಿಂಗಳು ಅವರ ಹಳೆಯ ಶಾಲೆಯಲ್ಲಿ ಸಮಾರಂಭ. ಕಂಪನಿಯೊಂದು ಮಕ್ಕಳಿಗೆಲ್ಲ ಹೊಸ ಓದುಯಂತ್ರ ದಾನ ಕೊಡುತ್ತಿತ್ತು. ಶಾಲಾ ಸಮಿತಿಯ ಅಧ್ಯಕ್ಷೆಯಾಗಿ ಸಿಂಚನಾ ಅವನ್ನು ಸ್ವೀಕರಿಸಬೇಕಿತ್ತು. ಮಕ್ಕಳು ಆಗಲೇ ಯಂತ್ರಗಳ ಜೊತೆ ಹರಟೆಗೆ ಇಳಿದಿದ್ದರು. ಅವು ಹೆಸರು ಹಿಡಿದು ಕರೆಯುತ್ತಿದ್ದವು, ಕತೆ ಹೇಳುತ್ತಿದ್ದವು, ಮಕ್ಕಳ ಗುಟ್ಟು ಕೇಳಿ ನೆನಪಿಟ್ಟುಕೊಳ್ಳುತ್ತಿದ್ದವು. ಸಭಾಂಗಣ ತುಂಬ ನಗು.

ಕಂಪನಿಯ ಯುವ ಪ್ರತಿನಿಧಿ ಅವರ ಪಕ್ಕದಲ್ಲಿ ಕೂತಿದ್ದ. ಸಿಂಚನಾ ಅವನತ್ತ ಬಾಗಿ, "ಇದರ ಮೂಲಬರಹ ನಮ್ಮ ಸಾಲಿಗೆ ಕೊಡ್ತೀರೇನು? ಮಕ್ಕಳ ಮಾತು ಎಲ್ಲಿ ಇಟ್ಟಿರ್ತೀರಿ?" ಎಂದು ಕೇಳಿದರು.

ಅವನು ನಕ್ಕ. "ಮೇಡಂ, ಅದನ್ನೆಲ್ಲ ಯಾರೂ ಕೇಳೂದಿಲ್ರಿ. ನಾವು ಇರ್ತೀವಲ್ಲ."

"ಈ ಹುಡುಗೂರಿಗೆ ನನ್ನಷ್ಟು ವಯಸ್ಸಾದಾಗ ಇರ್ತೀರೇನು?"

ಅಷ್ಟರಲ್ಲಿ ಸಮಿತಿಯ ಕಾರ್ಯದರ್ಶಿ ಸಿಂಚನಾರ ಕೈಗೆ ಮೈಕು ಕೊಟ್ಟು, ಸ್ವೀಕರಿಸಿದೆವು ಎಂದು ಹೇಳುವಂತೆ ಕಿವಿಯ ಬಳಿ ಬಿಡಿಸಿ ಸೂಚಿಸಿದ. ಅವರು ಮೈಕನ್ನು ಮಡಿಲಲ್ಲಿ ಇಟ್ಟುಕೊಂಡರು.

"ತಮ್ಮಾ, ನಿಮ್ಮ ಮ್ಯಾಲಿನವರನ್ನ ಕೇಳ್ಕೊಂಡು ಬಾ. ನಾವು ಕಾಯ್ತೀವಿ."

ಕುರ್ಚಿ ಸರಿದ ಸದ್ದಾಯಿತು. ಅವನ ಹೆಜ್ಜೆಗಳು ಬಾಗಿಲ ಕಡೆಗೆ ಹೋದವು. ಮಕ್ಕಳು ಹೊಸ ಗೆಳೆಯರಿಗೆ ತಮ್ಮ ತಮ್ಮ ಮನೆಯ ಸುದ್ದಿ ಹೇಳುತ್ತಲೇ ಇದ್ದರು.