ಊಟದಿಂದ ಏಳದ ರಾಜ

ರಾಜ ಎರಡೇ ತುತ್ತು ತಿಂದು ದಡಕ್ಕನೆ ಎದ್ದು ನಿಂತ. ಅವನ ಹಿಂದೆಯೇ ಮಂತ್ರಿ, ಸೇನಾಪತಿ, ಆಸ್ಥಾನದವರೆಲ್ಲ ಬಾಯಲ್ಲಿದ್ದ ಬ್ರೆಡ್ಡನ್ನು ನುಂಗಲೂ ಆಗದೆ ಉಗುಳಲೂ ಆಗದೆ ಎದ್ದು ನಿಲ್ಲಬೇಕಾಯಿತು.

ರಾಜ ಎಂದರೆ ಬೇರೆ ಯಾರೂ ಅಲ್ಲ, ಐದನೇ ಕ್ಲಾಸಿನ ಹುಡುಗಿ ಚಿನಕುರುಳಿ. ಸ್ಕೂಲ್ ಡೇಗೆಂದು ಟೀಚರ್ ಹಳೆಯ ಸಂಸ್ಥಾನವೊಂದರ ಮಹಾರಾಜನ ನಾಟಕ ಮಾಡಿಸುತ್ತಿದ್ದರು. ಒಂಬತ್ತನೇ ವಯಸ್ಸಿಗೇ ಪಟ್ಟವೇರಿದವನು, ಊರೂರಿಗೆ ಶಾಲೆ ಕಟ್ಟಿಸಿದವನು, ಕಾಲುವೆ ತೋಡಿಸಿದವನು, ಕೊನೆಗೆ ತಾನೇ ಸಹಿ ಹಾಕಿ ರಾಜ್ಯವನ್ನು ದೇಶಕ್ಕೆ ಒಪ್ಪಿಸಿದವನು. ಆದರೆ ಚಿನಕುರುಳಿಗೆ ಹಿಡಿಸಿದ್ದು ಊಟದ ಸೀನು. ಅರಮನೆಯಲ್ಲಿ ಒಂದು ನಿಯಮವಿತ್ತಂತೆ. ರಾಜ ಊಟದಿಂದ ಎದ್ದರೆ, ತಟ್ಟೆಯಲ್ಲಿ ಏನೇ ಉಳಿದಿರಲಿ, ಎಲ್ಲರೂ ಏಳಬೇಕು.

ಮಂಗನ ಕೈಗೆ ಮಾಣಿಕ್ಯ ಸಿಕ್ಕಂತಾಯಿತು. ಪ್ರತಿ ರಿಹರ್ಸಲ್‌ಗೂ ಜಾಮ್ ಹಚ್ಚಿದ ಬ್ರೆಡ್ ಇರುತ್ತಿತ್ತು. ಪ್ರತಿ ಸಲವೂ ಅವಳು ಬೇಕೆಂದೇ ಬೇಗ ಎದ್ದು ಎಲ್ಲರ ಮುಖ ನೋಡಿ ನಗುತ್ತಿದ್ದಳು. ತುಂಬ ಕಷ್ಟವಾಗುತ್ತಿದ್ದದ್ದು ಮಂತ್ರಿಗೆ. ಅವನು ಅವಳ ಪಕ್ಕದ ಮನೆಯ ಗೆಳೆಯ. ತಿನ್ನಲು ಕೂತರೆ ಆಮೆಯೇ ಅವನಿಗಿಂತ ಚುರುಕು. ಅದಕ್ಕೇ ಅವನಿಗೆ ಸಾವಕಾಶ ಎಂದು ಹೆಸರು ಬಿದ್ದಿತ್ತು.

ಅಂದೂ ಅವಳು ಹಾಗೇ ಎದ್ದಾಗ ಅವನು ಹತ್ತಿಯ ಗಡ್ಡವನ್ನು ಕಿತ್ತು ಅವಳ ಕೈಗಿಟ್ಟ.

“ನೀನೇ ರಾಜ ಆಗು, ನೀನೇ ಮಂತ್ರೀನೂ ಆಗು. ನಾಳೆ ನಾನು ಬರಲ್ಲ.”

ನಾಟಕ ಇದ್ದದ್ದೇ ಮರುದಿನ. ಮಂತ್ರಿಯ ಮಾತೆಲ್ಲ ಬಾಯಿಪಾಠ ಬರುತ್ತಿದ್ದದ್ದು ಅವನೊಬ್ಬನಿಗೇ. ನಾಟಕದ ಮಾತು ಹಾಗಿರಲಿ, ಮನೆಗೆ ಹೋಗುವಾಗ ಅವನು ಅವಳನ್ನು ಬಿಟ್ಟು ಮುಂದೆ ಮುಂದೆ ನಡೆದ. ಅವಳಿಗೆ ಅಳುವೇ ಬಂತು.

ಮನೆಯಲ್ಲಿ ಊಟಕ್ಕೆ ಕೂತರೂ ಅವಳಿಗೆ ಏನೂ ಸೇರಲಿಲ್ಲ. ತಾತ ಹಲ್ಲಿನ ಸೆಟ್ಟಿನ ಜೊತೆ ಕುಸ್ತಿಯಾಡುತ್ತ ಒಂದೊಂದೇ ತುತ್ತು ಅಗಿಯುತ್ತಿದ್ದರು. ಅಮ್ಮನ ತಟ್ಟೆ ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು. ಆದರೂ ಏಳದೆ, ಒಂದು ಸೌತೆಕಾಯಿ ಹೋಳನ್ನು ಇಲಿಯ ಹಾಗೆ ಕಚ್ಚುತ್ತ ಕೂತಿದ್ದಳು. ತಾತ ಕೈ ತೊಳೆಯಲು ಹೋದ ಮೇಲೇ ಅವಳು ಎದ್ದದ್ದು.

“ನಿಂದು ಆಗ್ಲೇ ಮುಗಿದಿತ್ತಲ್ಲಮ್ಮ, ಯಾಕೆ ಏಳಲಿಲ್ಲ?”

“ನಾನೆದ್ರೆ ತಾತಾನೂ ಅರ್ಧಕ್ಕೇ ಬಿಟ್ಟು ಎದ್ಬಿಡ್ತಾರೆ ಕಣೇ. ಆಮೇಲೆ ಹಸ್ಕೊಂಡೇ ಮಲಗ್ತಾರೆ,” ಎಂದು ಅಮ್ಮ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಚಿನಕುರುಳಿ ಗಡ್ಡ ಹಿಡಿದುಕೊಂಡು ಪಕ್ಕದ ಮನೆಗೆ ಓಡಿದಳು. ತಪ್ಪಾಯಿತು, ನಾಳೆ ಬೇಗ ಏಳುವುದಿಲ್ಲ ಎಂದಳು. ಸಾವಕಾಶ ನಂಬಲಿಲ್ಲ. ನೋಡೋಣ ಎಂದು ಗಡ್ಡವನ್ನು ಮಾತ್ರ ಇಸಿದುಕೊಂಡ.

ಮರುದಿನ ಹಾಲ್ ತುಂಬ ಜನ. ಮಂತ್ರಿಯೂ ಬಂದಿದ್ದ. ಊಟದ ಸೀನಿನಲ್ಲಿ ಅವನು ಗಡ್ಡಕ್ಕೆಲ್ಲ ಜಾಮ್ ಮೆತ್ತಿಕೊಂಡು ನಿಧಾನವಾಗಿ ತಿನ್ನತೊಡಗಿದ. ಒಂದು ಕಣ್ಣು ರಾಜನ ಮೇಲೇ ಇತ್ತು. ಸೇನಾಪತಿಯದು ಮುಗಿಯಿತು, ಆಸ್ಥಾನದವರದೂ ಮುಗಿಯಿತು. ಪರದೆಯ ಸಂದಿಯಿಂದ ಟೀಚರ್ ಏಳು, ಏಳು ಎಂದು ಕೈ ಬೀಸಿದರು. ಜನ ಕಿಸಿಕಿಸಿ ನಕ್ಕರು.

ರಾಜನ ತಟ್ಟೆಯಲ್ಲಿ ಉಳಿದಿದ್ದದ್ದು ಬೆರಳುಗುರಿನಷ್ಟು ಬ್ರೆಡ್. ಚಿನಕುರುಳಿ ಅದನ್ನು ಎರಡು ಚೂರು ಮಾಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡು ಮೆಲ್ಲಗೆ ಅಗಿದಳು. ಇನ್ನೊಂದನ್ನು ಮಂತ್ರಿಯ ಕೊನೆಯ ತುತ್ತಿನವರೆಗೂ ಹಾಗೇ ಇಟ್ಟುಕೊಂಡಳು.